ಪುಕ್ಕಟೆ ಸಿಗುವ ಥಿಯೇಟರ್ ಆರ್ಗನ್: ತಗೊಳ್ಳಲೇ, ಬಿಡಲೇ?

ಪ್ರಶ್ನೆ: ಕೆಲಸದ ಮೇಲೆ ಅಮೆರಿಕದ ಓರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುತ್ತಿದ್ದಾರೆ. ಅವರ ಯಜಮಾನರು ನುಡಿಸುತ್ತಿದ್ದ ದೊಡ್ಡ ಆರ್ಗನ್ ಒಂದಿದೆ, ದುಡ್ಡು ಬೇಡ, ತಗೊಂಡು ಹೋಗಿ ಅನ್ನುತ್ತಿದ್ದಾರೆ. ಮೂರು ಸಾಲು ಕೀಬೋರ್ಡ್, ಕಾಲಿಗೂ ಒಂದು ಸಾಲು, ಸುತ್ತ ಕುದುರೆ ಲಾಳದ ಹಾಗೆ ಬಣ್ಣದ ಸ್ವಿಚ್‌ಗಳು. ಮೇಲೆ ‘ರಾಡ್ಜರ್ಸ್’ ಅಂತ ಬರೆದಿದೆ. ನನಗೆ ಹಾರ್ಮೋನಿಯಂ ಬರುತ್ತದೆ, ಕೀಬೋರ್ಡ್ ಸ್ವಲ್ಪ ಬರುತ್ತದೆ. ಯೂಟ್ಯೂಬ್‌ನಲ್ಲಿ ಇಂಥ ಆರ್ಗನ್ ನುಡಿಸುವ ಹಿರಿಯರನ್ನು ಜನ ತುಂಬ ಪ್ರೀತಿಯಿಂದ ನೋಡುತ್ತಾರೆ. ಅಸಲಿ ಕೊಳವೆ ಆರ್ಗನ್ನಿನ ದನಿ ಈಗ ಲ್ಯಾಪ್‌ಟಾಪ್‌ನಲ್ಲೇ ಸಿಗುವಾಗ, ಅದನ್ನು ನಕಲು ಮಾಡಿದ ಈ ಹಳೆ ಪೆಟ್ಟಿಗೆಯಲ್ಲಿ ಅಂಥದ್ದೇನಿದೆ? ತಗೊಳ್ಳಲೇ, ಬಿಡಲೇ?

ಉತ್ತರ: ಹಾಲ್‌ನಲ್ಲಿ ಜಾಗ ಇದ್ದು, ಎತ್ತಲು ನಾಲ್ಕು ಜನ ಗಟ್ಟಿ ಆಳು ಸಿಗುವುದಾದರೆ ತಗೊಳ್ಳಿ. ಆದರೆ ಏನು ತಗೊಳ್ಳುತ್ತಿದ್ದೀರಿ ಅಂತ ತಿಳಿದುಕೊಂಡು ತಗೊಳ್ಳಿ. ಆಮೇಲೆ ಬೇಡ ಅನ್ನಿಸಿದರೆ ನಿಮ್ಮ ಕೈಯಿಂದ ಪುಕ್ಕಟೆ ಒಯ್ಯುವವರೂ ಸುಲಭಕ್ಕೆ ಸಿಗುವುದಿಲ್ಲ.

ಮೊದಲಿಗೆ ಒಂದು ಮಾತು. ಅದು ನೀವೀಗ ಇರುವ ಊರ ಕಡೆಯದೇ ವಾದ್ಯ. ಪೋರ್ಟ್‌ಲ್ಯಾಂಡ್ ಪಕ್ಕದಲ್ಲಿ ಆಸಿಲೋಸ್ಕೋಪ್ ಮಾಡುವ ಟೆಕ್ಟ್ರಾನಿಕ್ಸ್ ಕಂಪನಿ ಇದೆಯಲ್ಲ, ಅಲ್ಲಿ ಕೆಲಸಕ್ಕಿದ್ದ ರಾಡ್ಜರ್ಸ್ ಜೆಂಕಿನ್ಸ್ ಮತ್ತು ಫ್ರೆಡ್ ಟಿಂಕರ್ 1958ರಲ್ಲಿ ಸೇರಿ ಎಲೆಕ್ಟ್ರಾನಿಕ್ ಆರ್ಗನ್ ಮಾಡುವ ಈ ರಾಡ್ಜರ್ಸ್ ಕಂಪನಿ ಶುರು ಮಾಡಿದರು. ಮುಂದೆ ಹಿಲ್ಸ್‌ಬರೊದಲ್ಲೇ ಕಾರ್ಖಾನೆ ನಡೆಯಿತು. ಬೇರೆಯವರು ವ್ಯಾಕ್ಯೂಮ್ ಟ್ಯೂಬ್ ಹಿಡಿದುಕೊಂಡಿದ್ದ ಕಾಲದಲ್ಲಿ ಇವರು ಟ್ರಾನ್ಸಿಸ್ಟರ್ ನಂಬಿದವರು. ಈ ವಾದ್ಯದ ಕಥೆಯಲ್ಲಿ ಎಲ್ಲೆಲ್ಲೂ ಹೀಗೆಯೇ, ಮೊದಲು ಎಂಜಿನಿಯರುಗಳು ಬರುತ್ತಾರೆ, ಸಂಗೀತಗಾರರು ಆಮೇಲೆ.

ಅದು ನಕಲು ಮಾಡಲು ಹೊರಟದ್ದು ಥಿಯೇಟರ್ ಆರ್ಗನ್ನನ್ನು, ಅಂದರೆ ಮೂಕಿ ಚಿತ್ರಮಂದಿರದ ಕೊಳವೆ ಆರ್ಗನ್ನನ್ನು. ಆ ಅಸಲಿಯನ್ನು ಕಟ್ಟಿದವನೂ ಎಂಜಿನಿಯರೇ. ಇಂಗ್ಲೆಂಡಿನ ರಾಬರ್ಟ್ ಹೋಪ್-ಜೋನ್ಸ್ ಟೆಲಿಫೋನ್ ಕಂಪನಿಯಲ್ಲಿದ್ದವನು. ಚರ್ಚಿನ ಆರ್ಗನ್ನಿನಲ್ಲಿ ಪ್ರತಿ ದನಿಗೂ ಬೇರೆ ಬೇರೆ ಸಾಲು ಕೊಳವೆ ಬೇಕಾಗಿತ್ತು. ಇವನು ಟೆಲಿಫೋನಿನ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚಿನ ವಿದ್ಯೆ ತಂದು, ಒಂದೇ ಸಾಲು ಕೊಳವೆಯನ್ನು ಯಾವ ಕೀಬೋರ್ಡಿನಿಂದಲಾದರೂ, ಯಾವ ಸ್ಥಾಯಿಯಲ್ಲಾದರೂ ನುಡಿಸುವ ಹಾಗೆ ಮಾಡಿದ. ಹತ್ತು ಸಾಲು ಕೊಳವೆ ಇದ್ದರೆ ನೂರು ಸ್ವಿಚ್ ಇಡಬಹುದು. ಅಷ್ಟೂ ಸ್ವಿಚ್‌ಗಳು ಕೈಗೆ ಎಟುಕಲಿ ಅಂತಲೇ ಆ ಲಾಳದ ಆಕಾರ. 1910ರಲ್ಲಿ ಅಮೆರಿಕದ ವುರ್ಲಿಟ್ಜರ್ ಕಂಪನಿ ಅವನ ವಿದ್ಯೆಯನ್ನೂ ಅವನನ್ನೂ ಒಟ್ಟಿಗೆ ಕೊಂಡುಕೊಂಡಿತು. ಅವನು 1914ರಲ್ಲೇ ತೀರಿಕೊಂಡ. ಕಂಪನಿ ಮಾತ್ರ ಮುಂದೆ 2,200ಕ್ಕೂ ಹೆಚ್ಚು ಥಿಯೇಟರ್ ಆರ್ಗನ್ ಮಾಡಿ ಮಾರಿತು.

ಕೊಂಡವರು ಮುಖ್ಯವಾಗಿ ಮೂಕಿ ಚಿತ್ರಮಂದಿರದವರು. ಇಡೀ ವಾದ್ಯಗೋಷ್ಠಿಗೆ ಸಂಬಳ ಕೊಡುವ ಬದಲು ಒಬ್ಬ ಸಾಕು ಅನ್ನುವ ಲೆಕ್ಕ. ಕಂಪನಿ ನಾಟಕದಲ್ಲಿ ರಂಗದ ಮೇಲಿನ ನಟನ ಮುಖ ನೋಡಿಕೊಂಡು ಹಾರ್ಮೋನಿಯಂ ಮೇಷ್ಟ್ರು ನುಡಿಸುತ್ತಿದ್ದರಲ್ಲ, ಇಲ್ಲಿ ಪರದೆ ನೋಡಿಕೊಂಡು ಆರ್ಗನ್ ವಾದಕ ಅದೇ ಕೆಲಸ ಮಾಡುತ್ತಿದ್ದ. ಪಿಟೀಲು, ತುತ್ತೂರಿ, ಕೊಳಲಿನ ಛಾಯೆಯ ದನಿಗಳ ಜೊತೆಗೆ ನಿಜವಾದ ಡ್ರಮ್, ಗಂಟೆ, ಕ್ಸೈಲೋಫೋನ್, ಕುದುರೆ ಗೊರಸಿನ ಸದ್ದು, ಕಾರಿನ ಹಾರ್ನ್, ಹಕ್ಕಿ ಸಿಳ್ಳು ಎಲ್ಲ ಒಳಗೇ ಇರುತ್ತಿತ್ತು. 1927ರಲ್ಲಿ ಟಾಕಿ ಬಂತು. ಕೆಲವೇ ವರ್ಷಗಳಲ್ಲಿ ಆ ಕೆಲಸವೇ ಇಲ್ಲದಂತಾಯಿತು.

ಥಿಯೇಟರ್ ಆರ್ಗನ್ ಕೇಳಿದ ಕೂಡಲೇ ಇದು ಚರ್ಚಿನದ್ದಲ್ಲ ಅಂತ ಗೊತ್ತಾಗುವುದು ಎರಡು ಕಾರಣಕ್ಕೆ. ಒಂದು, ಟಿಬಿಯಾ ಅನ್ನುವ ಕೊಳವೆ. ದಪ್ಪ, ದುಂಡು, ಕೊಳಲಿಗಿಂತ ಭಾರವಾದ ದನಿ. ಎರಡು, ಟ್ರೆಮ್ಯುಲೆಂಟ್, ಅಂದರೆ ಕೊಳವೆಗೆ ಹೋಗುವ ಗಾಳಿಯನ್ನೇ ಅಲುಗಿಸುವ ಯಂತ್ರ. ಗಾಳಿ ಅಲುಗಿದರೆ ಶ್ರುತಿಯೂ ಏರಿಳಿಯುತ್ತದೆ, ಸದ್ದೂ ಏರಿಳಿಯುತ್ತದೆ, ದನಿಯ ಬಣ್ಣವೂ ಬದಲಾಗುತ್ತದೆ. ಅದೂ ಪ್ರತಿ ಸಾಲು ಕೊಳವೆಯಲ್ಲಿ ಬೇರೆ ಬೇರೆ ಥರ. ಅಳು ಬರಿಸುವ ಗುಣ ಇರುವುದು ಈ ನಡುಕದಲ್ಲೇ.

ಎಲೆಕ್ಟ್ರಾನಿಕ್ಸ್‌ನವರು ಸೋತದ್ದೂ ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಗೆ ಉತ್ತರ ಈ ಸೋಲಿನಲ್ಲಿದೆ.

ಲಾರೆನ್ಸ್ ಹ್ಯಾಮಂಡ್ ಶಿಕಾಗೊದಲ್ಲಿ ಗಡಿಯಾರ ಮಾಡುತ್ತಿದ್ದವನು. ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗುವ ಮೋಟಾರು ಅವನ ಹತ್ತಿರ ಇತ್ತು. ಅದಕ್ಕೆ ಹಲ್ಲಿರುವ ಸಣ್ಣ ಲೋಹದ ಚಕ್ರಗಳನ್ನು ಸೇರಿಸಿ, ಪಕ್ಕದಲ್ಲಿ ಅಯಸ್ಕಾಂತ ಮತ್ತು ಸುರುಳಿ ಇಟ್ಟ. ಚಕ್ರ ತಿರುಗಿದರೆ ಸುರುಳಿಯಲ್ಲಿ ಒಂದು ಸ್ವರ ಹುಟ್ಟುತ್ತದೆ. ಇಂಥ 91 ಚಕ್ರ. 1934ರಲ್ಲಿ ಪೇಟೆಂಟ್ ಬಂತು, 1935ರಲ್ಲಿ ಮಾರಾಟ ಶುರುವಾಯಿತು. ಇದು ಕೊಳವೆ ಆರ್ಗನ್ನಿಗೆ ಸಮ ಅಂತ ಜಾಹೀರಾತು ಕೊಟ್ಟದ್ದಕ್ಕೆ ವ್ಯಾಪಾರದ ಮೋಸ ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರು ಹಾಕಿತು. ಶಿಕಾಗೊ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಅಸಲಿ ಆರ್ಗನ್ನನ್ನೂ ಹ್ಯಾಮಂಡನ್ನೂ ಮರೆಯಲ್ಲಿಟ್ಟು ನುಡಿಸಿ ಪರೀಕ್ಷೆ ಮಾಡಿದರು. ಕೇಳಿದವರು ಸುಮಾರು ಮೂರರಲ್ಲೊಂದು ಸಲ ತಪ್ಪು ಹೇಳಿದರು. ಆದರೂ 1938ರಲ್ಲಿ ಕಮಿಷನ್ ಆ ಥರ ಜಾಹೀರಾತು ನಿಲ್ಲಿಸಿ ಅಂದಿತು. ನನ್ನ ಕೇಳಿದರೆ ಕಮಿಷನ್ ಹೇಳಿದ್ದೇ ಸರಿ.

ಯಾಕೆ ಸರಿ? ನಿಮ್ಮ ಹಾರ್ಮೋನಿಯಂ ನೋಡಿ. ಒಂದು ಕೀಲಿಗೆ ಎರಡು ರೀಡ್ ಇದ್ದರೆ ದನಿ ತುಂಬಿಕೊಂಡು ಬರುತ್ತದೆ. ಎರಡೂ ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿರುತ್ತವೆ, ಅದಕ್ಕೇ. ಕೊಳವೆ ಆರ್ಗನ್ನಿನಲ್ಲಿ ಈ ಕೂದಲೆಳೆಯ ವ್ಯತ್ಯಾಸ ನೂರಾರು ಕಡೆ ಇರುತ್ತದೆ. ಹ್ಯಾಮಂಡಿನಲ್ಲಿ ಎಲ್ಲ ಚಕ್ರಗಳೂ ಒಂದೇ ಮೋಟಾರಿನ ಗೇರಿಗೆ ಕಟ್ಟಿಕೊಂಡಿವೆ. ಒಂದು ಇನ್ನೊಂದರಿಂದ ಎಳೆಯಷ್ಟೂ ಅತ್ತಿತ್ತ ಹೋಗುವುದಿಲ್ಲ. ಅಚ್ಚುಕಟ್ಟು, ಆದರೆ ಸಪ್ಪೆ. 12 ಆಸಿಲೇಟರ್ (ಸ್ವರ ಹುಟ್ಟಿಸುವ ಸರ್ಕ್ಯೂಟ್) ಇಟ್ಟು, ಅದನ್ನೇ ಭಾಗಿಸಿ ಕೆಳಗಿನ ಸ್ಥಾಯಿಗಳನ್ನೆಲ್ಲ ತೆಗೆಯುವ ಅಗ್ಗದ ಮನೆ ಆರ್ಗನ್‌ಗಳಲ್ಲೂ ಇದೇ ಕಥೆ.

ಇದಕ್ಕೆ ಎರಡು ದಾರಿ ಹುಡುಕಿದರು. ಲಾಸ್ ಏಂಜಲೀಸ್‌ನ ಡಾನ್ ಲೆಸ್ಲಿ ಒಂದು ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಶೋರೂಮಿನಲ್ಲಿ ಚೆನ್ನಾಗಿ ಕೇಳಿದ ಹ್ಯಾಮಂಡ್ ಮನೆಗೆ ತಂದ ಮೇಲೆ ಮಂಕಾಗಿ ಕೇಳಿಸಿತು. ಸ್ಪೀಕರಿನ ಮುಂದೆ ಹಾರ್ನ್ ತಿರುಗಿಸಿ ನೋಡಿದ. ಹಾರ್ನ್ ನಮ್ಮ ಕಡೆ ಬರುವಾಗ ಶ್ರುತಿ ಚೂರು ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ, ಗೋಡೆಗೆ ಬಡಿದ ಸದ್ದು ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಥಿಯೇಟರ್ ಆರ್ಗನ್ನಿನ ನಡುಕಕ್ಕೆ ಎಲೆಕ್ಟ್ರಾನಿಕ್ಸ್‌ನವರು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಹ್ಯಾಮಂಡ್ ಕಂಪನಿಗೆ ಕೊಡಲು ಹೋದ, ಅವರು ಬೇಡ ಅಂದರು. 1941ರಿಂದ ತಾನೇ ಮಾರಲು ಶುರು ಮಾಡಿದ. ಹ್ಯಾಮಂಡ್ ತನ್ನ ಡೀಲರುಗಳಿಗೆ ಲೆಸ್ಲಿ ಸ್ಪೀಕರ್ ಮಾರಬೇಡಿ ಅಂತ ತಾಕೀತು ಮಾಡಿತ್ತು. ಜನ ಕೇಳಬೇಕಲ್ಲ! ಎರಡನ್ನೂ ಜೋಡಿಯಾಗಿಯೇ ಕೊಂಡರು. 1980ರಲ್ಲಿ ಅದೇ ಹ್ಯಾಮಂಡ್ ಲೆಸ್ಲಿಯನ್ನು ಕೊಂಡುಕೊಂಡಿತು.

ಇನ್ನೊಂದು ದಾರಿ ದುಬಾರಿಯದ್ದು. ಪ್ರತಿ ಸ್ವರಕ್ಕೂ ಪ್ರತ್ಯೇಕ ಆಸಿಲೇಟರ್ ಇಡುವುದು. ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಇಂಡಿಯಾನಾದ ಕಾನ್ ಕಂಪನಿ ಹೀಗೆ ಮಾಡಿತು. ಪೆನ್ಸಿಲ್ವೇನಿಯಾದಲ್ಲಿ ಜೆರೋಮ್ ಮಾರ್ಕೊವಿಟ್ಜ್ ಕಟ್ಟಿದ ಅಲೆನ್ ಕಂಪನಿಯೂ ಇದೇ ದಾರಿ ಹಿಡಿಯಿತು. ಪ್ರತಿಯೊಂದೂ ತನ್ನ ಪಾಡಿಗೆ ಚೂರು ಆಚೆ ಈಚೆ ಸರಿಯುತ್ತದೆ, ಆಗ ದನಿಗೆ ಜೀವ ಬರುತ್ತದೆ. ಇಷ್ಟೆಲ್ಲ ಮಾಡಿದರೂ ಕೊಳವೆಯ ಮುಂದೆ ಅದು ಕೊಳವೆ ಆಗಲಿಲ್ಲ. ಕಾನ್ ಕಂಪನಿಯ ಸ್ಪೀಕರ್‌ಗಳಲ್ಲಿ ಚಿನ್ನದ ಬಣ್ಣದ ಕೊಳವೆಗಳನ್ನೇ ಸಾಲಾಗಿ ನಿಲ್ಲಿಸಿರುತ್ತಿದ್ದರು. ನೋಡಲು ಸ್ವಲ್ಪ ತಮಾಷೆ, ಆದರೆ ಆ ಆಸೆ ಅರ್ಥವಾಗುತ್ತದೆ, ಅಲ್ವಾ?

ಈಗ ನುಡಿಸುವವರ ಕಡೆ ಬರೋಣ. ಅಸಲಿ ವುರ್ಲಿಟ್ಜರಿನ ಮುಂದೆ ಕೂತು ಒಂದು ಸ್ವರ ಒತ್ತಿದರೆ ಸಾಕು, ಹಾಲ್ ತಾನೇ ತುಂಬುತ್ತದೆ. ಎಲೆಕ್ಟ್ರಾನಿಕ್ ಆರ್ಗನ್ನಿನಲ್ಲಿ ಸುಮ್ನೆ ಒತ್ತಿ ಹಿಡಿದರೆ ಅದರ ಸಪ್ಪೆತನ ಕೂಡಲೇ ಬಯಲಾಗುತ್ತದೆ. ಹಾಗಾಗಿ ವಾದಕ ಸುಮ್ಮನೆ ಕೂರುವಂತಿಲ್ಲ. ಬಲಗಾಲು ಸದಾ ಸ್ವೆಲ್ ಪೆಡಲಿನ ಮೇಲೆ, ಹಾಡುವವರು ಉಸಿರು ಬಿಗಿ ಹಿಡಿದು ಸಡಿಲ ಬಿಡುವ ಹಾಗೆ ಸದ್ದನ್ನು ಏರಿಸಿ ಇಳಿಸುತ್ತಿರಬೇಕು. ಎಡಗಾಲು ಮಂದ್ರ ಸ್ವರ ನೋಡಿಕೊಳ್ಳುತ್ತದೆ. ಸಾಲು ಮುಗಿಯುವ ಮೊದಲೇ ಕೈ ಒಂದು ಸ್ವಿಚ್ ಎತ್ತಿ ಇನ್ನೊಂದನ್ನು ಇಳಿಸಿರುತ್ತದೆ. ಬಲಗೈಯ ನಾಲ್ಕು ಬೆರಳು ಮೇಲಿನ ಕೀಬೋರ್ಡಿನಲ್ಲಿದ್ದರೆ ಹೆಬ್ಬೆರಳು ಮಾತ್ರ ಕೆಳಗಿನದಕ್ಕೆ ಇಳಿದು ಬೇರೆ ದನಿಯಲ್ಲಿ ಧಾಟಿ ನುಡಿಸುತ್ತದೆ. ಯೂಟ್ಯೂಬ್‌ನಲ್ಲಿ ಮುಂದಿನ ಸಲ ಆ ಹೆಬ್ಬೆರಳನ್ನೇ ಗಮನಿಸಿ. ನನಗೆ ಈ ವಾದ್ಯದ ಹುಚ್ಚು ಹಿಡಿದದ್ದು ಅದನ್ನು ನೋಡಿಯೇ. ಯಂತ್ರ ಕೊಡಲಾರದ್ದನ್ನು ಒಂದು ಮೈ ದುಡಿದು ಕೊಡುವುದು ಕಣ್ಣಿಗೂ ಕಾಣುತ್ತದೆ. ಈ ವಾದಕರ ಸೆಳೆತ ಇರುವುದು ಅಲ್ಲೇ ಅಂತ ನನ್ನ ಲೆಕ್ಕ.

ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರಿನಲ್ಲಿ ಭಾರಿ ವುರ್ಲಿಟ್ಜರ್ ನುಡಿಸಿ ‘ಆರ್ಗನ್ನಿನ ಕವಿ’ ಅನ್ನಿಸಿಕೊಂಡಿದ್ದ ಜೆಸ್ಸಿ ಕ್ರಾಫರ್ಡ್ ಆಮೇಲೆ ಹ್ಯಾಮಂಡಿಗೆ ಬಂದ. ಕೆಳಗಿಳಿದ ಅಂತ ಕೆಲವರು ಅಂದುಕೊಳ್ಳುತ್ತಾರೆ. ಆದರೆ ಅವನ ಜಾರು, ಸ್ವರದಿಂದ ಸ್ವರಕ್ಕೆ ನುಣ್ಣಗೆ ಸರಿಯುವ ಕೈ, ಹ್ಯಾಮಂಡಿನಲ್ಲೂ ಗುರುತು ಸಿಗುತ್ತದೆ. ಎಥೆಲ್ ಸ್ಮಿತ್ ಬೇರೆ ಥರ. ಆಕೆ ಕೊಳವೆಯ ನಕಲಿಗೆ ಹೋಗಲೇ ಇಲ್ಲ. 1944ರ ಒಂದು ಹಾಲಿವುಡ್ ಚಿತ್ರದಲ್ಲಿ ಬ್ರೆಜಿಲ್ಲಿನ ‘ಟಿಕೊ ಟಿಕೊ’ ನುಡಿಸಿದ್ದು ಈಗಲೂ ನೋಡಲು ಸಿಗುತ್ತದೆ. ಹ್ಯಾಮಂಡಿನ ಕೀಲಿ ಒತ್ತಿದಾಗ ಬರುವ ಸಣ್ಣ ‘ಟಕ್’ ಸದ್ದನ್ನು ಎಂಜಿನಿಯರುಗಳು ದೋಷ ಅಂದುಕೊಂಡಿದ್ದರು. ಅಂಥ ವೇಗದ ಧಾಟಿಯಲ್ಲಿ ಅದೇ ತಾಳದ ಹಾಗೆ ಕೆಲಸ ಮಾಡುತ್ತದೆ. ಕೆನ್ ಗ್ರಿಫಿನ್ ಸ್ಕೇಟಿಂಗ್ ರಿಂಕ್‌ಗಳ ಮನುಷ್ಯ. 1948ರಲ್ಲಿ ಅವನ ಒಂದು ವಾಲ್ಟ್ಜ್ ರೆಕಾರ್ಡ್ ಅಮೆರಿಕದ ಜನಪ್ರಿಯ ರೆಕಾರ್ಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದ ಗ್ಲಾಡಿಸ್ ಗುಡಿಂಗ್ 1942ರಿಂದ ಬ್ರೂಕ್ಲಿನ್ನಿನ ಬೇಸ್‌ಬಾಲ್ ಮೈದಾನದಲ್ಲಿ ನುಡಿಸಿದಳು. ನ್ಯೂಯಾರ್ಕಿನ ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಪಂದ್ಯಗಳಿಗೂ ಅವಳೇ. ಇಂಗ್ಲಿಷಿನ ‘ಪ್ಲೇ’ ಅಂದರೆ ಆಡುವುದೂ ಹೌದು, ನುಡಿಸುವುದೂ ಹೌದು; ಹಾಗಾಗಿ ಮೂರೂ ತಂಡಕ್ಕೆ ‘ಆಡಿದ’ ಒಬ್ಬರೇ ಒಬ್ಬರು ಯಾರು ಅನ್ನುವ ಒಗಟಿಗೆ ಅಲ್ಲಿ ಅವಳ ಹೆಸರೇ ಉತ್ತರ.

ನಮಗೆ ತುಂಬ ಕುತೂಹಲ ಹುಟ್ಟಿಸುವವನು ಮಾತ್ರ ಕೋರ್ಲಾ ಪಂಡಿತ್. 1949ರಿಂದ ಲಾಸ್ ಏಂಜಲೀಸ್‌ನ ಕೆಟಿಎಲ್‌ಎ ಟಿವಿಯಲ್ಲಿ ಅವನ ಕಾರ್ಯಕ್ರಮ ಬರುತ್ತಿತ್ತು. ತಲೆಗೆ ರುಮಾಲು, ನಡುವೆ ಹೊಳೆಯುವ ಹರಳು, ಕ್ಯಾಮೆರಾದಿಂದ ಕಣ್ಣು ತೆಗೆಯದ ನೋಟ. ಒಂದೇ ಒಂದು ಮಾತಿಲ್ಲ. ಒಂದು ಕೈ ಹ್ಯಾಮಂಡ್ ಮೇಲೆ, ಇನ್ನೊಂದು ಪಿಯಾನೋ ಮೇಲೆ. ದೆಹಲಿಯ ಬ್ರಾಹ್ಮಣ ತಂದೆ, ಫ್ರೆಂಚ್ ಗಾಯಕಿ ತಾಯಿ ಅಂತ ಅವನ ಕಥೆ. ಟಿವಿ ಮುಂದೆ ಕೂತ ಹೆಂಗಸರು ಮರುಳಾಗಿದ್ದರು. 1998ರಲ್ಲಿ ತೀರಿಕೊಂಡ. ಅಸಲಿ ವಿಷಯ ಹೊರಗೆ ಬಂದದ್ದು 2001ರಲ್ಲಿ, ಲಾಸ್ ಏಂಜಲೀಸ್‌ನ ಒಂದು ಮಾಸಪತ್ರಿಕೆಯಲ್ಲಿ. ಅವನ ಹೆಸರು ಜಾನ್ ರೊಲ್ಯಾಂಡ್ ರೆಡ್. ಮಿಸೌರಿ ರಾಜ್ಯದ ಕರಿಯ ಪಾದ್ರಿಯೊಬ್ಬರ ಮಗ. ಕರಿಯರಿಗೆ ಒಳ್ಳೆಯ ಸ್ಟುಡಿಯೋ ಕೆಲಸ ಸಿಗದ ಕಾಲ ಅದು. ಮೊದಲು ಹುವಾನ್ ರೊಲಾಂಡೊ ಅಂತ ಮೆಕ್ಸಿಕೊದವನ ವೇಷ, ಆಮೇಲೆ ನಮ್ಮ ವೇಷ. ಅವನ ‘ಭಾರತೀಯ’ ಸಂಗೀತದಲ್ಲಿ ರಾಗ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಆದರೆ ಕೀಲಿಗಳ ಮೇಲೆ ಅಂಗೈ ಬಡಿದು ಅದೇ ಹ್ಯಾಮಂಡಿನಿಂದ ಡೋಲಿನ ಸದ್ದು ತೆಗೆಯುತ್ತಿದ್ದ. ಅದು ಅಪ್ಪಟ ವಿದ್ಯೆ.

ಇಂಗ್ಲೆಂಡಿನಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಕೊಳವೆ ಆರ್ಗನ್‌ಗಳೇ ಬಹಳ ಕಾಲ ನಡೆದವು. ರೆಜಿನಾಲ್ಡ್ ಡಿಕ್ಸನ್ 1930ರಿಂದ 1970ರವರೆಗೆ ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮಿನಲ್ಲಿ ನುಡಿಸಿದ, ಯುದ್ಧದಲ್ಲಿ ವಾಯುಪಡೆಗೆ ಹೋದಾಗ ಬಿಟ್ಟು. ಆಗ ಅವನ ಜಾಗದಲ್ಲಿ ಕೂತವಳು ಈನಾ ಬಾಗಾ. ಕಾಂಪ್ಟನ್ ಕಂಪನಿ 1930ರ ದಶಕದಲ್ಲೇ ತನ್ನ ಕೊಳವೆ ಆರ್ಗನ್‌ಗಳ ಒಳಗೆ ಮೆಲೊಟೋನ್ ಅನ್ನುವ ಎಲೆಕ್ಟ್ರಾನಿಕ್ ಘಟಕ ಸೇರಿಸಿತ್ತು. ಅಸಲಿ, ನಕಲಿ ಅನ್ನುವ ಗೆರೆ ಆಗಲೇ ಅಷ್ಟು ಗಟ್ಟಿ ಇರಲಿಲ್ಲ ನೋಡಿ. ಜರ್ಮನಿಯ ಕ್ಲಾಸ್ ವುಂಡರ್ಲಿಶ್, ಫ್ರಾಂಜ್ ಲ್ಯಾಂಬರ್ಟ್ ನಂತರದವರು. ಫುಟ್‌ಬಾಲ್ ವಿಶ್ವಕಪ್‌ನಲ್ಲಿ ತಂಡಗಳು ಮೈದಾನಕ್ಕಿಳಿಯುವಾಗ ಬಹಳ ವರ್ಷ ಕೇಳುತ್ತಿದ್ದ ಫಿಫಾ ಧಾಟಿ ಮಾಡಿದ್ದು ಈ ಲ್ಯಾಂಬರ್ಟೇ.

ಈಗ ನಿಮ್ಮ ಲ್ಯಾಪ್‌ಟಾಪ್ ಪ್ರಶ್ನೆ. ಹಾಪ್ಟ್‌ವರ್ಕ್‌ನಂಥ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಕೊಳವೆಯನ್ನೂ ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ. ವುರ್ಲಿಟ್ಜರಿನ ದನಿ ಬೇಕು ಅಂದರೆ ಅದೇ ಒಳ್ಳೆಯದು, ವಾದ ಬೇಡ. ಆದರೆ 1960, 70ರ ದಶಕದ ಕಾನ್, ಅಲೆನ್, ರಾಡ್ಜರ್ಸ್ ದನಿ ಈಗ ಬೇರೆಯದೇ ಒಂದು ದನಿ. ಅದಕ್ಕೆ ತನ್ನದೇ ರೆಕಾರ್ಡುಗಳಿವೆ, ತನ್ನದೇ ಕೇಳುಗರಿದ್ದಾರೆ. ಟಿಬಿಯಾ ಒಂದು ಸ್ಪೀಕರಿನಿಂದ, ತಂತಿ ವಾದ್ಯದ ದನಿ ಇನ್ನೊಂದರಿಂದ ಬಂದು ಕೋಣೆಯ ಗಾಳಿಯಲ್ಲಿ ಬೆರೆಯುವುದು ಹೆಡ್‌ಫೋನಿನಲ್ಲಿ ಸಿಗದು. ಹಳೆ ನೆನಪಿನ ಪಾಲೂ ಜಾಸ್ತಿಯೇ ಇದೆ, ಸುಳ್ಳು ಹೇಳಬಾರದು. ಅಮೆರಿಕದ ಎಷ್ಟೋ ಮನೆಗಳ ಹಾಲ್‌ನಲ್ಲಿ ಆರ್ಗನ್ ಇದ್ದ ಕಾಲ ಅದು. 1980ರ ಸುಮಾರಿಗೆ ಅಗ್ಗದ ಕೀಬೋರ್ಡ್, ಸಿಂಥಸೈಜರ್ ಬಂದು ಆ ಮಾರುಕಟ್ಟೆಯೇ ಕುಸಿಯಿತು. ಆ ಮನೆಗಳಲ್ಲಿ ಬೆಳೆದ ಮಕ್ಕಳೇ ಇಂದು ಯೂಟ್ಯೂಬ್‌ನಲ್ಲಿ ಕೇಳುತ್ತಿರುವ ಹಿರಿಯರು.

ನೀವು ನುಡಿಸುವಾಗ ಒಂದು ತೊಡಕಿದೆ. ಹಾರ್ಮೋನಿಯಂನವರ ಎಡಗೈ ತಿದಿ ಒತ್ತಿಯೇ ಅಭ್ಯಾಸ. ಇಲ್ಲಿ ಆ ಕೈಗೆ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು ಕಲಿಸಬೇಕು, ಕಾಲಿಗೆ ಮಂದ್ರ ಕಲಿಸಬೇಕು. ಬಲಗೈ ಮಾತ್ರ ಸಿದ್ಧವಾಗಿದೆ. ಸ್ವರ ಬಿಡದೆ ಜೋಡಿಸಿ ನುಡಿಸುವ ನಿಮ್ಮ ಅಭ್ಯಾಸ ಪಿಯಾನೋದವರಿಗಿಂತ ಇಲ್ಲಿ ಚೆನ್ನಾಗಿ ಕೂರುತ್ತದೆ. ಗಮಕ ಬೇಡುವ ರಾಗಗಳನ್ನು ಇದರ ಮೇಲೆ ಹೇರಬೇಡಿ. ನಿಧಾನದ ಭಾವಗೀತೆ, ಹಳೆಯ ಚಿತ್ರಗೀತೆ ಟಿಬಿಯಾದಲ್ಲಿ ಟ್ರೆಮ್ಯುಲೆಂಟ್ ಹಾಕಿ ನುಡಿಸಿ ನೋಡಿ, ಚೆನ್ನಾಗಿ ಒಗ್ಗುತ್ತದೆ.

ಒಪ್ಪಿಕೊಳ್ಳುವ ಮೊದಲು ಅಜ್ಜಿಯ ಮನೆಯಲ್ಲೇ ಆನ್ ಮಾಡಿ ನೋಡಿ. ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ, ಮೆಕ್ಯಾನಿಕ್ ನೋಡುವವರೆಗೆ ಮುಟ್ಟಬೇಡಿ. ಜೋರಾಗಿ ‘ಗುಂಯ್’ ಅಂದರೆ ಪವರ್ ಸಪ್ಲೈ ಕೆಪಾಸಿಟರ್ ಒಣಗಿರಬೇಕು, ಅದು ಸಾಮಾನ್ಯ, ಸರಿ ಮಾಡಬಹುದು. ಒಂದೆರಡು ಸ್ವರ ಬರದಿದ್ದರೆ ಹೆದರಬೇಡಿ. ಒಂದು ಸ್ವಿಚ್ ಕೆಲಸ ಮಾಡದಿದ್ದರೆ ಹೆಚ್ಚಾಗಿ ಕಾಂಟ್ಯಾಕ್ಟ್ ಕೊಳೆ. ಆದರೆ ಅರ್ಧಕ್ಕರ್ಧ ಸತ್ತಿದ್ದರೆ ಬಿಟ್ಟುಬಿಡಿ. ಸ್ಪೀಕರುಗಳ ಸುತ್ತಿನ ಫೋಮ್ ಪುಡಿಯಾಗಿದೆಯೇ ಬೆರಳಿಂದ ಮುಟ್ಟಿ ನೋಡಿ. ಬೆಂಚಿನ ಮುಚ್ಚಳ ತೆಗೆದು ಒಳಗೆ ನೋಡುವುದನ್ನು ಮರೆಯಬೇಡಿ. ಸರ್ಕ್ಯೂಟ್ ನಕ್ಷೆ, ಸರ್ವಿಸ್ ಪುಸ್ತಕ ಎಷ್ಟೋ ಸಲ ಅಲ್ಲೇ ಇರುತ್ತವೆ. ಯಜಮಾನರು ಯಾವ ಹಾಡಿಗೆ ಯಾವ ಸ್ವಿಚ್ ಅಂತ ಬರೆದಿಟ್ಟ ಚೀಟಿಗಳೂ ಇರಬಹುದು, ಅಜ್ಜಿಯನ್ನು ಕೇಳಿ ತಗೊಳ್ಳಿ. ಕೇಬಲ್ ಬಿಚ್ಚುವ ಮೊದಲು ಫೋಟೋ ತೆಗೆದು ಚೀಟಿ ಅಂಟಿಸಿ, ಯಾವ ಕಾರಣಕ್ಕೂ ಕತ್ತರಿಸಬೇಡಿ. ಪೆಡಲ್ ಸಾಲು ಬೇರೆಯಾಗಿ ಬರುತ್ತದೆ, ಮೊದಲು ಅದನ್ನು ತೆಗೆಯಿರಿ.

ಶ್ರುತಿ ಮಾಡುವಾಗ ಎಚ್ಚರ. ಫೋನಿನ ಟ್ಯೂನರ್ ಆ್ಯಪ್ ಹಿಡಿದು ಪ್ರತಿ ಆಸಿಲೇಟರನ್ನೂ ಸೊನ್ನೆಗೆ ತಂದು ನಿಲ್ಲಿಸುವ ಆಸೆ ಬರುತ್ತದೆ, ನೀವು ಎಂಜಿನಿಯರಾದರಂತೂ ಇನ್ನೂ ಜಾಸ್ತಿ. ಬೇಡ. ಒಂದು ಗುಂಪನ್ನು ನೇರವಾಗಿಡಿ, ಇನ್ನೊಂದನ್ನು ಕೇಳುತ್ತಾ ಕೂದಲೆಳೆ ಆಚೆ ಬಿಡಿ. ಒಳಗಿನದೆಲ್ಲ ಕಿತ್ತು ಕಂಪ್ಯೂಟರ್ ಕೂರಿಸುವ ಸಲಹೆಯೂ ಯಾರಾದರೂ ಕೊಡುತ್ತಾರೆ. ಸತ್ತುಹೋದ ಆರ್ಗನ್ನಿಗೆ ಅದು ಸರಿ. ನುಡಿಯುತ್ತಿರುವುದಕ್ಕೆ ಮಿಡಿ (ವಾದ್ಯವನ್ನು ಕಂಪ್ಯೂಟರಿಗೆ ಬೆಸೆಯುವ ವ್ಯವಸ್ಥೆ) ಜೋಡಿಸಿಕೊಳ್ಳಿ, ಹಳೆ ದನಿ ಹಾಗೇ ಇರಲಿ.

ಮುಂದೆ ಊರಿಗೆ ಬರುವಾಗ ತರಬಹುದೇ ಅಂತ ಕೇಳುವವರಿದ್ದಾರೆ, ಅದಕ್ಕೇ ಹೇಳಿಬಿಡುತ್ತೇನೆ. ಆಸಿಲೇಟರ್ ಇರುವ ಆರ್ಗನ್ನಿಗೆ 120 ವೋಲ್ಟಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದರೆ ಶ್ರುತಿ ಕೆಡುವುದಿಲ್ಲ. ಚಕ್ರದ ಹ್ಯಾಮಂಡ್ ಹಾಗಲ್ಲ. ಅಲ್ಲಿನ 60 ಹರ್ಟ್ಜ್‌ಗೆ ಮಾಡಿದ ಮೋಟಾರು ನಮ್ಮ 50 ಹರ್ಟ್ಜ್‌ನಲ್ಲಿ ನಿಧಾನವಾಗುತ್ತದೆ, ಕಪ್ಪು ಬಿಳಿ ಸೇರಿಸಿ ಎಣಿಸಿದರೆ ಇಡೀ ವಾದ್ಯ ಮೂರು ಕೀಲಿ ಕೆಳಗಿನ ಶ್ರುತಿಗೆ ಇಳಿಯುತ್ತದೆ.

ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಪೋರ್ಟ್‌ಲ್ಯಾಂಡಿನ ಓಕ್ಸ್ ಪಾರ್ಕ್ ರೋಲರ್ ಸ್ಕೇಟಿಂಗ್ ರಿಂಕ್‌ಗೆ ಹೋಗಿ ಬನ್ನಿ. ಅಲ್ಲಿ 1955ರಲ್ಲಿ ತಂದಿಟ್ಟ ಅಸಲಿ ವುರ್ಲಿಟ್ಜರ್ ಇದೆ, ಕೊಳವೆಗಳನ್ನು ರಿಂಕಿನ ಮೇಲೆಯೇ ನೇತುಹಾಕಿದ್ದಾರೆ. ಆರ್ಗನ್ ವಾದಕರು ಯಾವ ದಿನ ಬರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಅದನ್ನು ಕೇಳಿ ಬಂದು ಆಮೇಲೆ ಅಜ್ಜಿಯ ಮನೆಯದ್ದನ್ನು ನುಡಿಸಿ. ಎರಡರ ನಡುವಿನ ವ್ಯತ್ಯಾಸ ನಿಮಗೆ ಇಷ್ಟವಾದರೆ ಆಳುಗಳಿಗೆ ಹೇಳಿಕಳಿಸಿ.